ಅಂಚನ್ನು ಮುಟ್ಟಿದ ಕೈ: ಹಾಡುಗಾರ ಸ್ಯಾಮ್ ಕುಕ್ ಜೀವನದಿಂದ ನಮಗೊಂದು ಪಾಠ

ಈಗ ತಾನೇ ಮಾರ್ಕನ ಸುವಾರ್ತೆ 5ನೇ ಅಧ್ಯಾಯದಿಂದ ಓದಿದ ಭಾಗವನ್ನು ಸ್ವಲ್ಪ ಮನಸ್ಸಲ್ಲಿ ಇಟ್ಕೊಳ್ಳಿ. 12 ವರ್ಷ ರಕ್ತಸ್ರಾವದಿಂದ ನರಳಿದ ಒಬ್ಬ ಹೆಂಗಸು. ಇದ್ದ ದುಡ್ಡನ್ನೆಲ್ಲ ವೈದ್ಯರಿಗೆ ಸುರಿದು ಬರಿಗೈ ಆದವಳು. ಜನರ ನೂಕುನುಗ್ಗಲಿನಲ್ಲಿ ಹಿಂದಿನಿಂದ ಬಂದು, ಯಾರಿಗೂ ಗೊತ್ತಾಗದ ಹಾಗೆ ಕರ್ತನ ಉಡುಪನ್ನು ಮುಟ್ಟುತ್ತಾಳೆ. ಮುಂದೆ ನಿಂತು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ಕೈ ಚಾಚಿದರೆ ಅಂಚು ಸಿಕ್ಕಿತು, ಅಷ್ಟೇ.

ಈ ಹೆಂಗಸಿನ ಕಥೆಯನ್ನು 1956ರಲ್ಲಿ ಅಮೆರಿಕದ 25 ವರ್ಷದ ಒಬ್ಬ ಕಪ್ಪು ಜನಾಂಗದ ಯುವಕ ಹಾಡಾಗಿ ಮಾಡಿದ. ಹಾಡಿನ ಹೆಸರು ಟಚ್ ದ ಹೆಮ್ ಆಫ್ ಹಿಸ್ ಗಾರ್ಮೆಂಟ್. ಅವನ ಹೆಸರು ಸ್ಯಾಮ್ ಕುಕ್. ಎಷ್ಟು ಜನ ಈ ಹೆಸರು ಕೇಳಿದ್ದೀರಿ, ಕೈ ಎತ್ತಿ ನೋಡೋಣ. ಮೂರು ಕೈ. ಪರವಾಗಿಲ್ಲ. ನಿಮ್ಮ ಫೋನಿನಲ್ಲಿ ಅವನ ಧ್ವನಿ ಎಂದೋ ಬಂದಿರುತ್ತೆ, ಹೆಸರು ನೋಡದೆ ಸ್ಕ್ರಾಲ್ ಮಾಡಿರ್ತೀರಿ.

ಇವತ್ತು ಅವನ ಜೀವನವನ್ನು ಪೂರ್ತಿ ಹೇಳ್ತೀನಿ. ಒಳ್ಳೆಯದೂ ಹೇಳ್ತೀನಿ, ಕೆಟ್ಟದ್ದೂ ಹೇಳ್ತೀನಿ. ಪುಲ್ಪಿಟ್‌ನಲ್ಲಿ ನಿಂತು ಒಬ್ಬ ಲೋಕದ ಹಾಡುಗಾರನ ಬಗ್ಗೆ ಯಾಕೆ ಮಾತಾಡ್ತಿದ್ದಾರೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಕೊನೆಯಲ್ಲಿ ಹೇಳ್ತೀನಿ. ಅದು ನನ್ನದೇ ಒಂದು ತಪ್ಪಿಗೆ ಸಂಬಂಧಪಟ್ಟದ್ದು.

ಬೋಧಕನ ಮಗ

ಸ್ಯಾಮ್ ಹುಟ್ಟಿದ್ದು 1931ರ ಜನವರಿ 22ರಂದು, ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಊರಲ್ಲಿ. ಸುತ್ತ ಹತ್ತಿ ಹೊಲಗಳ ಸೀಮೆ. ಎಂಟು ಮಕ್ಕಳಲ್ಲಿ ಒಬ್ಬ. ಅವನ ತಂದೆ ಚಾರ್ಲ್ಸ್ ಕುಕ್, ಚರ್ಚ್ ಆಫ್ ಕ್ರೈಸ್ಟ್ ಹೋಲಿನೆಸ್ ಎಂಬ ಸಭೆಯ ಬೋಧಕರು. ಈ ಸಭೆಗೂ ನಮಗೂ ಒಂದು ನಂಟು ಇದೆ, ಬೈಬಲ್ ಕಾಲೇಜಿನಲ್ಲಿ ಸಭಾ ಚರಿತ್ರೆ ಓದುವಾಗ ನನಗೆ ಗೊತ್ತಾಯ್ತು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ಉಜ್ಜೀವನ ಶುರುವಾಯ್ತಲ್ಲ, ಅದರ ಸುದ್ದಿ ಕೇಳಿ 1907ರಲ್ಲಿ ಚಾರ್ಲ್ಸ್ ಮೇಸನ್ ಎಂಬ ದೇವಸೇವಕರು ಅಲ್ಲಿಗೆ ಹೋದರು. ಅನ್ಯಭಾಷೆಯ ಅನುಭವದೊಂದಿಗೆ ವಾಪಸ್ ಬಂದರು. ಅವರ ಜೊತೆಗಾರ ಚಾರ್ಲ್ಸ್ ಪ್ರೈಸ್ ಜೋನ್ಸ್ ಅದನ್ನು ಒಪ್ಪಲಿಲ್ಲ. ಇಬ್ಬರೂ ಬೇರೆ ಆದರು. ಮೇಸನ್ ಅವರ ಕಡೆಯದು ಪೆಂತೆಕೋಸ್ತ್ ಸಭೆಯಾಯ್ತು. ಜೋನ್ಸ್ ಅವರ ಕಡೆಯದು ಸ್ಯಾಮ್ ಬೆಳೆದ ಸಭೆ. ಅಂದ್ರೆ ಅದು ನಮಗೆ ದಾಯಾದಿ ಸಭೆ. ಪರಿಶುದ್ಧ ಜೀವನದ ಬೋಧನೆ, ಶಿಸ್ತು, ಕೈತಟ್ಟಿ ಹಾಡೋದು, ಎಲ್ಲ ನಮ್ಮ ಹಾಗೇ.

ದಕ್ಷಿಣದಲ್ಲಿ ಕಪ್ಪು ಜನರಿಗೆ ಬದುಕು ಕಷ್ಟ. ಬಸ್ಸಲ್ಲಿ ಬೇರೆ ಸೀಟು, ಶಾಲೆ ಬೇರೆ, ನೀರು ಕುಡಿಯುವ ನಲ್ಲಿಯೂ ಬೇರೆ. ನಮ್ಮ ದೇಶದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಊರ ಬಾವಿಯ ಕಥೆ ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಆ ಕಾಲದಲ್ಲಿ ಲಕ್ಷಾಂತರ ಕಪ್ಪು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಉತ್ತರದ ನಗರಗಳಿಗೆ ಹೊರಟವು. ಕುಕ್ ಕುಟುಂಬವೂ 1933ರಲ್ಲಿ ಶಿಕಾಗೋಗೆ ಬಂತು. ಸ್ಯಾಮ್‌ಗೆ ಆಗ ಎರಡು ವರ್ಷ.

ಶಾಲೆಗೆ ಹೋಗುವ ವಯಸ್ಸಿನಲ್ಲೇ ಅಣ್ಣ, ಅಕ್ಕಂದಿರು, ತಮ್ಮನ ಜೊತೆ ಸಿಂಗಿಂಗ್ ಚಿಲ್ಡ್ರನ್ ಅಂತ ಒಂದು ತಂಡ. ಅಪ್ಪ ಪ್ರಸಂಗ ಮಾಡೋ ಕಡೆ ಮಕ್ಕಳು ಹಾಡೋದು. ಅವನ ತಮ್ಮ ನೆನಪಿಸಿಕೊಂಡ ಒಂದು ವಿಷಯ ನನಗೆ ತುಂಬಾ ಇಷ್ಟ. ಸ್ಯಾಮ್ ಚಿಕ್ಕವನಿದ್ದಾಗ ಐಸ್‌ಕ್ಯಾಂಡಿ ಕಡ್ಡಿಗಳನ್ನು ಮಣ್ಣಲ್ಲಿ ಸಾಲಾಗಿ ನೆಟ್ಟು, ಇವರೇ ನನ್ನ ಕೇಳುಗರು ಅಂತ ಅವುಗಳ ಮುಂದೆ ನಿಂತು ಹಾಡ್ತಿದ್ದನಂತೆ. ನಾನು ಬೇರೆ ಕೆಲಸ ಮಾಡಲ್ಲ, ಹಾಡ್ತೀನಿ ಅಷ್ಟೇ ಅಂತಿದ್ದನಂತೆ. ಕರೆ ಅನ್ನೋದು ಕೆಲವರಿಗೆ ಎಷ್ಟು ಬೇಗ ಬರುತ್ತೆ ನೋಡಿ.

ಆತ್ಮಗಳನ್ನು ಕಲಕುವವರು

ಹದಿಹರೆಯದಲ್ಲಿ ಹೈವೇ ಕ್ಯೂಸೀಸ್ ಎಂಬ ಹುಡುಗರ ತಂಡದಲ್ಲಿ ಹಾಡಿದ. ನಂತರ 1950ರ ಕೊನೆಯಲ್ಲಿ ಒಂದು ದೊಡ್ಡ ಬಾಗಿಲು ತೆರೆಯಿತು. ಸೋಲ್ ಸ್ಟಿರರ್ಸ್ ಅಂತ ದೇಶದಲ್ಲೇ ಹೆಸರಾದ ಗಾಸ್ಪೆಲ್ ತಂಡ. ಹೆಸರಿನ ಅರ್ಥ ಆತ್ಮಗಳನ್ನು ಕಲಕುವವರು. ಬೇತ್ಸಥಾ ಕೊಳದ ನೀರು ಕಲಕಿದಾಗ ಇಳಿದವರಿಗೆ ಸ್ವಸ್ಥತೆ ಆಗ್ತಿತ್ತು ಅಂತ ಯೋಹಾನ 5ರಲ್ಲಿ ಓದ್ತೀವಲ್ಲ, ಈ ತಂಡ ಹಾಡಿದರೆ ಸಭೆಯಲ್ಲಿ ಹಾಗೇ ಆಗುತ್ತೆ ಅಂತ ಜನ ನಂಬಿದ್ದರು. ಅವರ ಮುಖ್ಯ ಹಾಡುಗಾರ ಆರ್. ಎಚ್. ಹ್ಯಾರಿಸ್ ಗಾಸ್ಪೆಲ್ ಲೋಕದ ದಿಗ್ಗಜ. ಅವರು ತಂಡ ಬಿಟ್ಟಾಗ ಆ ಜಾಗಕ್ಕೆ ಬಂದವನು 19 ವರ್ಷದ ಸ್ಯಾಮ್.

ನಿಮ್ಮಲ್ಲಿ ವರ್ಷಿಪ್ ಟೀಮ್‌ನಲ್ಲಿ ಇರೋರಿಗೆ ಇದರ ಭಾರ ಗೊತ್ತಾಗುತ್ತೆ. ಹಿರಿಯ ಲೀಡರ್ ನಿಂತ ಮೈಕಿನ ಮುಂದೆ ಮೊದಲ ಸಲ ನಿಲ್ಲೋದು ಅಂದ್ರೆ ಮೊಣಕಾಲು ನಡುಗುತ್ತೆ. ಸ್ಯಾಮ್ ಮೊದಮೊದಲು ಹ್ಯಾರಿಸ್ ಅವರನ್ನೇ ಅನುಕರಿಸಲು ನೋಡಿದ, ಆಗಲಿಲ್ಲ. ಅವರ ಹಾಗೆ ಗಂಟಲು ಹರಿಯುವಂತೆ ಕೂಗುವ ಶಕ್ತಿ ಅವನಲ್ಲಿ ಇರಲಿಲ್ಲ. ಕೊನೆಗೆ ತನ್ನದೇ ದಾರಿ ಕಂಡುಕೊಂಡ. ಎತ್ತರದ ಸ್ವರಕ್ಕೆ ನೇರವಾಗಿ ಹತ್ತುವ ಬದಲು ಅದನ್ನು ಬಳುಕಿಸಿ, ಅಲೆ ಅಲೆಯಾಗಿ ಜಾರಿಸಿ ಇಳಿಸುವುದು. ಅದೇ ಮುಂದೆ ಅವನ ಗುರುತಾಯ್ತು. ಕೊರತೆ ಇದ್ದ ಕಡೆಯಲ್ಲೇ ದೇವರು ಅವನಿಗೆ ಧ್ವನಿ ಕೊಟ್ಟರು.

1951ರ ಮಾರ್ಚಿನಲ್ಲಿ ಮೊದಲ ರೆಕಾರ್ಡಿಂಗ್. ಸ್ಪೆಷಾಲಿಟಿ ಎಂಬ ಕಂಪನಿಯ ಮಾಲೀಕ ಆರ್ಟ್ ರೂಪ್‌ಗೆ ಈ ಎಳೆ ಹುಡುಗನ ಮೇಲೆ ಭರವಸೆ ಇರಲಿಲ್ಲ. ಆದರೆ ಬಾವಿಯ ಹತ್ತಿರ ಯೇಸುವನ್ನು ಕಂಡ ಸಮಾರ್ಯದ ಹೆಂಗಸಿನ ಕಥೆಯ ಹಾಡು, ಜೀಸಸ್ ಗೇವ್ ಮಿ ವಾಟರ್, ಹೊರಗೆ ಬಂತು. ಜನ ಮುಗಿಬಿದ್ದು ಕೊಂಡರು. ಮುಂದಿನ ಆರು ವರ್ಷ ಅವನು ಊರಿಂದ ಊರಿಗೆ, ಸಭೆಯಿಂದ ಸಭೆಗೆ ಕಾರಲ್ಲಿ ಓಡಾಡಿದ. ಅವನಿಂದ ಗಾಸ್ಪೆಲ್ ಕಾರ್ಯಕ್ರಮಗಳಿಗೆ ಒಂದು ಹೊಸ ಗುಂಪು ಬರಲು ಶುರುವಾಯ್ತು. ಯಾರು? ನಿಮ್ಮ ವಯಸ್ಸಿನವರು. ಅಲ್ಲಿಯವರೆಗೆ ಮುಂದಿನ ಸಾಲಲ್ಲಿ ಅಜ್ಜಿಯರು ಕೂರ್ತಿದ್ದರು. ಈಗ ಯೌವನಸ್ಥರು ತಾವಾಗೇ ಮುಂದೆ ಬಂದು ಕೂತರು.

ಉಡುಪಿನ ಅಂಚಿನ ಹಾಡು ಹುಟ್ಟಿದ್ದು ಹೀಗೆ ಅಂತ ಜೊತೆಗಿದ್ದವರು ಹೇಳ್ತಾರೆ. ರೆಕಾರ್ಡಿಂಗ್‌ಗೆ ಹೋಗ್ತಾ ಕಾರಲ್ಲಿ ಒಂದು ಹಾಡು ಕಮ್ಮಿ ಬಿತ್ತು. ಸ್ಯಾಮ್ ಬೈಬಲ್ ತೆರೆದು ಪುಟ ತಿರುವಿದ. ಈ ಹೆಂಗಸಿನ ಭಾಗ ಸಿಕ್ಕಿತು. ಸ್ಟುಡಿಯೋ ತಲುಪುವಷ್ಟರಲ್ಲಿ ಹಾಡು ತಯಾರು. ವಾಕ್ಯ ಅವನೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಅಂತ ಯೋಚನೆ ಮಾಡಿ. ಬಾಲ್ಯದಿಂದ ಭಾನುವಾರ ಶಾಲೆಯಲ್ಲಿ ಕೇಳಿದ ಕಥೆ, ಬೇಕಾದಾಗ ಬಾವಿಯಿಂದ ನೀರು ಸೇದಿದ ಹಾಗೆ ಬಂತು.

ದಾಟಿದ ಗೆರೆ

ಈಗ ಕಷ್ಟದ ಭಾಗ. ಗಾಸ್ಪೆಲ್ ಲೋಕದಲ್ಲಿ ಒಂದು ಗೆರೆ ಇತ್ತು. ಈ ಕಡೆ ದೇವರ ಹಾಡು, ಆ ಕಡೆ ಲೋಕದ ಹಾಡು. ದಾಟಿದವನಿಗೆ ವಾಪಸ್ ದಾರಿ ಇಲ್ಲ. ಸ್ಯಾಮ್ ಮೊದಲು ಕದ್ದು ದಾಟಲು ನೋಡಿದ. ದೇವರನ್ನು ಕೊಂಡಾಡುವ ತನ್ನದೇ ಗಾಸ್ಪೆಲ್ ಹಾಡಿನ ಪದ ಬದಲಿಸಿ, ಒಬ್ಬ ಹುಡುಗಿಯನ್ನು ಹೊಗಳುವ ಹಾಡು ಮಾಡಿ, 1957ರ ಆರಂಭದಲ್ಲಿ ಡೇಲ್ ಕುಕ್ ಅಂತ ಸುಳ್ಳು ಹೆಸರಲ್ಲಿ ಬಿಡುಗಡೆ ಮಾಡಿಸಿದ. ಹೆಸರು ಬದಲಾಯಿಸಬಹುದು, ಆ ಧ್ವನಿ ಬದಲಾಯಿಸೋಕೆ ಆಗುತ್ತಾ? ಕೇಳಿದವರೆಲ್ಲ ಒಂದೇ ಸಲಕ್ಕೆ ಗುರುತು ಹಿಡಿದರು. ಏಸಾವನ ಉಡುಪು ಹಾಕಿಕೊಂಡು ಬಂದ ಯಾಕೋಬನ ಧ್ವನಿ ಹಾಗೆ.

ಆಮೇಲೆ ಬಹಿರಂಗವಾಗಿ ಹೊರಟ. ಅದಕ್ಕೂ ಮೊದಲು ಅಪ್ಪನ ಹತ್ತಿರ ಹೋಗಿದ್ದ. ಪರಿಶುದ್ಧತೆ ಬೋಧಿಸುವ ಆ ಬೋಧಕರು ಮಗನಿಗೆ ಬೈದು ಕಳಿಸ್ತಾರೆ ಅಂತ ನಾವು ಅಂದ್ಕೋತೀವಿ. ಹಾಗೆ ಆಗಲಿಲ್ಲ. ದೇವರು ನಿನಗೆ ಧ್ವನಿ ಕೊಟ್ಟಿರೋದು ಜನರನ್ನು ಸಂತೋಷಪಡಿಸೋಕೆ ಎಂಬ ಅರ್ಥದ ಮಾತು ಹೇಳಿ ಅಪ್ಪ ಅವನನ್ನು ಕಳಿಸಿಕೊಟ್ಟರು. ಸ್ಯಾಮ್ ತನ್ನ ಹೆಸರಿನ ಕೊನೆಗೆ ಒಂದು ಇ ಅಕ್ಷರ ಸೇರಿಸಿಕೊಂಡ. 1957ರ ಸೆಪ್ಟೆಂಬರ್‌ನಲ್ಲಿ ಕೀನ್ ಎಂಬ ಹೊಸ ಕಂಪನಿಯಿಂದ ಯೂ ಸೆಂಡ್ ಮಿ ಹಾಡು ಬಂತು. ಕಪ್ಪು ಜನರ ಪಟ್ಟಿಯಲ್ಲಿ ಮಾತ್ರ ಅಲ್ಲ, ಇಡೀ ದೇಶದ ಪಟ್ಟಿಯಲ್ಲೇ ಮೊದಲ ಸ್ಥಾನ. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟ. ಮುಂದೆ ಸೋಲ್ ಸಂಗೀತ ಅಂತ ಕರೆಸಿಕೊಂಡ ಪ್ರಕಾರಕ್ಕೆ ಅಡಿಪಾಯ ಹಾಕಿದ ಹಾಡುಗಳಲ್ಲಿ ಇದೂ ಒಂದು. ಸೋಲ್ ಅಂದ್ರೆ ಆತ್ಮ. ಆ ಸಂಗೀತಕ್ಕೆ ಆ ಹೆಸರು ಸುಮ್ಮನೆ ಬಂದಿಲ್ಲ. ಆ ಸ್ವರ, ಆ ಚಪ್ಪಾಳೆ, ಒಬ್ಬರು ಹಾಡಿದರೆ ಉಳಿದವರು ಉತ್ತರ ಕೊಡೋದು, ಎಲ್ಲ ಸಭೆಯ ಒಳಗಿಂದ ಹೋದದ್ದು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆ ಗೆರೆ ನಾವು ಅಂದುಕೊಂಡಷ್ಟು ನೇರವಾಗಿ ಇರಲಿಲ್ಲ. ಗಾಸ್ಪೆಲ್ ಸಂಗೀತದ ಪಿತಾಮಹ ಅಂತ ಕರೆಯುವ ಥಾಮಸ್ ಡಾರ್ಸಿ ಅದೇ ಶಿಕಾಗೋದವರು. ಮೊದಲು ಅವರು ಬ್ಲೂಸ್ ಪಿಯಾನೋ ವಾದಕ. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಹೋದರು, ಹುಟ್ಟಿದ ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಅವರು ಬರೆದ ಪ್ರಾರ್ಥನೆಯ ಹಾಡು, ಟೇಕ್ ಮೈ ಹ್ಯಾಂಡ್ ಪ್ರೆಶಸ್ ಲಾರ್ಡ್, ಇವತ್ತಿಗೂ ಲೋಕದ ಎಲ್ಲ ಕಡೆ ಸಭೆಗಳಲ್ಲಿ ಹಾಡ್ತಾರೆ. ಆದರೆ ಡಾರ್ಸಿ ತಮ್ಮ ಹಾಡುಗಳನ್ನು ಮೊದಲು ಸಭೆಗಳಿಗೆ ತಂದಾಗ ಎಷ್ಟೋ ಹಿರಿಯರು ಇದು ಸಾರಾಯಿ ಅಂಗಡಿಯ ರಾಗ ಅಂತ ಬಾಗಿಲು ಮುಚ್ಚಿದರು. ಇಪ್ಪತ್ತು ವರ್ಷ ಆದಮೇಲೆ ಅದೇ ರಾಗ ಪವಿತ್ರ ಆಯ್ತು, ಅದನ್ನು ಹೊರಗೆ ಕೊಂಡೊಯ್ದವನು ಪಾಪಿ ಆದ. ನಮ್ಮ ಸಭೆಗಳಲ್ಲೂ ಡ್ರಮ್ಸ್ ತಂದಾಗ ಏನಾಯ್ತು ಅಂತ ಹಿರಿಯರನ್ನು ಕೇಳಿ ನೋಡಿ.

ವೇದಿಕೆಯಿಂದ ಇಳಿದ ದಿನ

ಗಾಸ್ಪೆಲ್ ಚರಿತ್ರೆ ಬರೆದವರು ದಾಖಲಿಸಿರುವ ಒಂದು ಘಟನೆ ಇದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೊಡ್ಡ ಹೆಸರು ಬಂದ ಮೇಲೆ ಸ್ಯಾಮ್ ಒಮ್ಮೆ ತನ್ನ ಹಳೆಯ ತಂಡದ ಗಾಸ್ಪೆಲ್ ಕಾರ್ಯಕ್ರಮಕ್ಕೆ ಬಂದ. ಅವರ ಜೊತೆ ದೇವರ ಹಾಡು ಹಾಡೋಕೆ ವೇದಿಕೆ ಹತ್ತಿದ. ಒಂದು ಕಾಲದಲ್ಲಿ ಅವನ ಹಾಡಿಗೆ ಎದ್ದು ನಿಂತು ಕಣ್ಣೀರಿಟ್ಟ ಜನ ಸುಮ್ಮನೆ ಕೂತಿದ್ದರು. ಅವರೊಳಗಿಂದ ಯಾರೋ ಕೂಗಿದರು: ಆ ಬ್ಲೂಸ್ ಹಾಡೋನನ್ನು ಕೆಳಗೆ ಇಳಿಸಿ, ಇದು ಕ್ರೈಸ್ತರ ಕಾರ್ಯಕ್ರಮ ಅನ್ನೋ ಅರ್ಥದಲ್ಲಿ. ಸ್ಯಾಮ್ ವೇದಿಕೆಯಿಂದ ಇಳಿದು ಹೋದ. ಅವನ ಕಣ್ಣಲ್ಲಿ ನೀರಿತ್ತು ಅಂತ ಹೇಳ್ತಾರೆ.

ಆ ಹೆಂಗಸಿನ ಕಥೆಗೆ ವಾಪಸ್ ಬನ್ನಿ. ಅವಳು ಜನರ ಮಧ್ಯೆ ನುಗ್ಗಿ ಬಂದಾಗ, ಧರ್ಮಶಾಸ್ತ್ರದ ಪ್ರಕಾರ ಅವಳು ಅಶುದ್ಧಳು, ಯಾರನ್ನೂ ಮುಟ್ಟುವ ಹಾಗಿಲ್ಲ. ಯಾರಾದರೂ ಗುರುತು ಹಿಡಿದು ಅವಳನ್ನು ತಡೆದಿದ್ದರೆ? ಯೇಸುವಿನ ಸುತ್ತ ಇದ್ದ ಜನಜಂಗುಳಿಯೇ ಅವಳಿಗೂ ಯೇಸುವಿಗೂ ಮಧ್ಯದ ಗೋಡೆ ಆಗಿತ್ತು. ಪ್ರಿಯರೇ, ಕೆಲವೊಮ್ಮೆ ಆ ಗೋಡೆ ನಾವೇ.

ಸಭೆ ಅವನಿಗೆ ಬೆನ್ನು ತಿರುಗಿಸಿದರೂ ಅವನು ಸಭೆಯ ಸಂಗೀತಕ್ಕೆ ಬೆನ್ನು ತಿರುಗಿಸಲಿಲ್ಲ. 1959ರ ಹೊತ್ತಿಗೆ ಸ್ನೇಹಿತ ಜೆ. ಡಬ್ಲ್ಯು. ಅಲೆಕ್ಸಾಂಡರ್ ಜೊತೆ ಸಾರ್ ರೆಕಾರ್ಡ್ಸ್ ಎಂಬ ಸ್ವಂತ ಕಂಪನಿ ಶುರುಮಾಡಿದ. ಕಪ್ಪು ಹಾಡುಗಾರರು ಹಾಡಿ ಹೋಗುವುದು, ದುಡ್ಡು ಬೇರೆಯವರ ಜೇಬಿಗೆ ಹೋಗುವುದು ಆ ಕಾಲದ ವಾಡಿಕೆ. ಸ್ಯಾಮ್ ತನ್ನ ಹಾಡುಗಳ ಹಕ್ಕು ತನ್ನ ಕೈಯಲ್ಲೇ ಇಟ್ಟುಕೊಂಡ. ಆ ಕಂಪನಿಯಿಂದ ಮೊದಲು ಹೊರಬಂದ ತಂಡ ಯಾವುದು ಗೊತ್ತಾ? ಸೋಲ್ ಸ್ಟಿರರ್ಸ್. ತನ್ನ ಜಾಗಕ್ಕೆ ಬಂದ ಜಾನಿ ಟೇಲರ್‌ಗಾಗಿ ಅವನೇ ನಿಂತು ಗಾಸ್ಪೆಲ್ ಹಾಡು ಮಾಡಿಸಿದ. ತನ್ನನ್ನು ವೇದಿಕೆಯಲ್ಲಿ ನಿಲ್ಲಲು ಬಿಡದ ಲೋಕಕ್ಕೆ, ವೇದಿಕೆಯ ಹಿಂದೆ ನಿಂತು ಸೇವೆ ಮಾಡಿದ.

ಪೆಟ್ಟುಗಳ ವರ್ಷ

ಹೆಸರು, ದುಡ್ಡು, ಕಾರು ಎಲ್ಲ ಬಂತು. ಪೆಟ್ಟುಗಳೂ ಬಂದವು. 1958ರ ನವೆಂಬರ್‌ನಲ್ಲಿ ಅರ್ಕನ್ಸಾದಲ್ಲಿ ಕಾರು ಅಪಘಾತವಾಗಿ ಅವನ ಡ್ರೈವರ್ ತೀರಿಹೋದ, ಗೆಳೆಯ ಲೂ ರಾಲ್ಸ್ ಹಲವು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದ, ಸ್ಯಾಮ್ ಕಣ್ಣಿಗೆ ಗಾಜಿನ ಚೂರು ಹೊಕ್ಕಿತು. 1963ರ ಜೂನ್‌ನಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು. 18 ತಿಂಗಳ ಮಗ ವಿನ್ಸೆಂಟ್ ಮನೆಯ ಈಜುಕೊಳಕ್ಕೆ ಬಿದ್ದು ಸತ್ತುಹೋದ. ಹೆತ್ತವರಿಗೆ ಇದಕ್ಕಿಂತ ದೊಡ್ಡ ದುಃಖ ಇಲ್ಲ. ಗಂಡ ಹೆಂಡತಿ ಮಧ್ಯೆ ಮೊದಲೇ ಬಿರುಕು ಇತ್ತು, ಅದು ಇನ್ನೂ ಅಗಲವಾಯ್ತು.

ಅದೇ ವರ್ಷ ಅಕ್ಟೋಬರ್ 8. ಲೂಸಿಯಾನಾದ ಶ್ರೀವ್‌ಪೋರ್ಟ್ ಊರಿನ ಒಂದು ಹೋಟೆಲ್‌ನಲ್ಲಿ ಮೊದಲೇ ರೂಮು ಗೊತ್ತುಮಾಡಿ ಹೆಂಡತಿ, ಜೊತೆಗಾರರೊಂದಿಗೆ ಹೋದ. ಚರ್ಮದ ಬಣ್ಣ ನೋಡಿ ರೂಮು ಇಲ್ಲ ಅಂದರು. ಸ್ಯಾಮ್ ಸುಮ್ಮನೆ ಹೋಗಲಿಲ್ಲ, ಜಗಳ ಮಾಡಿದ, ಹಾರ್ನ್ ಒತ್ತುತ್ತಾ ಹೊರಟ. ಶಾಂತಿಭಂಗ ಅಂತ ಪೊಲೀಸರು ಹಿಡಿದುಕೊಂಡು ಹೋದರು. ದೇಶಕ್ಕೆಲ್ಲ ಪ್ರಿಯನಾದ ಹಾಡುಗಾರನಿಗೆ ರಾತ್ರಿ ತಲೆ ಇಡೋಕೆ ಜಾಗ ಇಲ್ಲ. ಅವನು ಅನ್ಯಾಯದ ಮುಂದೆ ನಿಂತದ್ದು ಅದೇ ಮೊದಲಲ್ಲ. 1961ರಲ್ಲಿ ಮೆಂಫಿಸ್‌ನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸ್ತಾರೆ ಅಂತ ಗೊತ್ತಾಗಿ ಕಾರ್ಯಕ್ರಮವನ್ನೇ ಬಿಟ್ಟಿದ್ದ.

ಆ ಹೊತ್ತಿಗೆ ಬಾಬ್ ಡಿಲನ್ ಎಂಬ ಬಿಳಿಯ ಹುಡುಗ ಬರೆದ ನ್ಯಾಯದ ಹಾಡೊಂದು ಎಲ್ಲ ಕಡೆ ಕೇಳ್ತಿತ್ತು. ನಮ್ಮ ಜನರ ನೋವನ್ನು ಬೇರೆಯವನು ಬರೆದ, ನಾನು ಬರೆಯಲಿಲ್ಲವಲ್ಲ ಅಂತ ಸ್ಯಾಮ್‌ಗೆ ನಾಚಿಕೆ ಆಯ್ತು. ಈ ಎಲ್ಲ ನೋವು ಸೇರಿ ಎ ಚೇಂಜ್ ಈಸ್ ಗಾನ ಕಮ್ ಎಂಬ ಹಾಡು ಹುಟ್ಟಿತು. 1964ರ ಜನವರಿ 30ರಂದು ಹಾಲಿವುಡ್‌ನಲ್ಲಿ ರೆಕಾರ್ಡ್ ಆಯ್ತು. ರೆನೆ ಹಾಲ್ ಅದಕ್ಕೆ ಪಿಟೀಲು, ಕಹಳೆಗಳ ದೊಡ್ಡ ವಾದ್ಯಸಂಯೋಜನೆ ಮಾಡಿದರು. ಫೆಬ್ರವರಿ 7ರಂದು ಜಾನಿ ಕಾರ್ಸನ್ ಅವರ ಟಿವಿ ಕಾರ್ಯಕ್ರಮದಲ್ಲಿ ಒಮ್ಮೆ ಹಾಡಿದ. ಎರಡೇ ದಿನದಲ್ಲಿ ಬೀಟಲ್ಸ್ ತಂಡ ಇನ್ನೊಂದು ಟಿವಿ ಕಾರ್ಯಕ್ರಮಕ್ಕೆ ಬಂತು, ಇಡೀ ದೇಶ ಆ ಕಡೆ ತಿರುಗಿತು. ಸ್ಯಾಮ್‌ನ ಹಾಡು ಆಗ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ನೀವು ಆ ಹಾಡನ್ನು ಇವತ್ತು ಕೇಳಿದರೆ ಕೀರ್ತನೆಗಳ ಪುಸ್ತಕ ನೆನಪಾಗುತ್ತೆ. ಎಷ್ಟು ಕಾಲ ಕರ್ತನೇ ಅಂತ ದಾವೀದ ಅಳ್ತಾನಲ್ಲ, ಆ ಥರ. ಅದನ್ನು ಬರೆದ ಕೈಗೆ ಬೋಧಕನ ಮನೆಯ ಅಭ್ಯಾಸ ಇತ್ತು. ಸಾವಿನ ಆಚೆ ಏನಿದೆ ಅನ್ನೋ ವಿಷಯದಲ್ಲಿ ಹಾಡು ಸಂಶಯವನ್ನೂ ಬಚ್ಚಿಡಲ್ಲ. ಸಂಶಯವನ್ನು ದೇವರ ಮುಂದೆ ಹಾಡುವುದು ನಂಬಿಕೆ ಇಲ್ಲದವನ ಲಕ್ಷಣ ಅಲ್ಲ, ಯೋಬನನ್ನು ಓದಿ.

ಆ ರಾತ್ರಿ

1964ರ ಡಿಸೆಂಬರ್ 11. ಇದನ್ನು ನಾನು ಮೆತ್ತಗೆ ಮಾಡಿ ಹೇಳಲ್ಲ. ಸ್ಯಾಮ್ ಅಂದು ರಾತ್ರಿ ಲಾಸ್ ಏಂಜಲೀಸ್‌ನ ಒಂದು ಅಗ್ಗದ ಮೋಟೆಲ್‌ಗೆ ಆಗಷ್ಟೇ ಪರಿಚಯವಾದ ಒಬ್ಬ ಹೆಂಗಸಿನ ಜೊತೆ ಹೋಗಿದ್ದ. ಕುಡಿದಿದ್ದ. ಅವಳು ಅವನ ಬಟ್ಟೆ ತೆಗೆದುಕೊಂಡು ಓಡಿಹೋದಳು. ಅವಳನ್ನು ಹುಡುಕುತ್ತಾ ಸಿಟ್ಟಿನಲ್ಲಿ ಮ್ಯಾನೇಜರ್‌ ಕೋಣೆಗೆ ನುಗ್ಗಿದ. ಅಲ್ಲಿ ಜಗಳವಾಗಿ ಮ್ಯಾನೇಜರ್ ಗುಂಡು ಹೊಡೆದಳು. ಕೆಲವೇ ದಿನದಲ್ಲಿ ವಿಚಾರಣೆ ಮುಗಿಸಿ, ಆತ್ಮರಕ್ಷಣೆಗಾಗಿ ಕೊಂದದ್ದು ಅಂತ ತೀರ್ಮಾನ ಮಾಡಿದರು. ಅವನ ಮನೆಯವರು ಅದನ್ನು ಒಪ್ಪಲೇ ಇಲ್ಲ. ಅವನಿಗೆ ಆಗ 33 ವರ್ಷ.

ಇದಕ್ಕೆ ಮುಂಚೆಯೂ ಅವನು ಹೆಂಗಸರ ವಿಷಯದಲ್ಲಿ ನಂಬಿಕಸ್ಥನಾಗಿ ಇರಲಿಲ್ಲ. ಮದುವೆಯ ಹೊರಗೆ ಮಕ್ಕಳಿದ್ದರು. ಗಮನಿಸಿ, ಗಾಸ್ಪೆಲ್ ಹಾಡ್ತಿದ್ದ ದಿನಗಳಲ್ಲೇ ಇದು ಶುರುವಾಗಿತ್ತು. ಅಂದ್ರೆ ಲೋಕದ ಹಾಡು ಹಾಡಿದ್ದಕ್ಕೆ ಅವನು ಕೆಟ್ಟ ಅನ್ನೋ ಲೆಕ್ಕ ಸರಿ ಬರಲ್ಲ. ಪುಲ್ಪಿಟ್ ಪಕ್ಕದಲ್ಲಿ ನಿಂತು ಹಾಡ್ತಿದ್ದಾಗಲೂ ಅವನೊಳಗೆ ಆ ಗಾಯ ಇತ್ತು. ಜನ ಅವನ ಧ್ವನಿ ಕೇಳಿದರು, ಅವನ ಆತ್ಮದ ಬಗ್ಗೆ ವಿಚಾರಿಸಿದವರು ಎಷ್ಟು ಜನ? ಯೌವನಸ್ಥರೇ, ಅಭಿಷೇಕ ಇದೆ ಅಂತ ನಡತೆ ಸರಿ ಇದೆ ಅಂದುಕೊಳ್ಳಬೇಡಿ. ವರ ಬೇರೆ, ಫಲ ಬೇರೆ. ಪಾಪ ಪಾಪವೇ. ಅದು ಒಂದು ಹೆಂಡತಿಯನ್ನು ವಿಧವೆ ಮಾಡಿತು, ಮಕ್ಕಳನ್ನು ತಂದೆ ಇಲ್ಲದವರನ್ನಾಗಿ ಮಾಡಿತು.

ಆದರೆ ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳ್ತೀನಿ. ಅವನು ಸತ್ತ ಮೇಲೆ, ಗಾಸ್ಪೆಲ್ ಬಿಟ್ಟಿದ್ದಕ್ಕೆ ದೇವರ ಶಿಕ್ಷೆ ಆಯ್ತು ಅಂತ ಹೇಳಿದವರು ಇದ್ದರು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಬೇರೆಯವರಿಗಿಂತ ದೊಡ್ಡ ಪಾಪಿಗಳೋ ಅಂತ ಕರ್ತನೇ ಲೂಕ 13ರಲ್ಲಿ ಕೇಳ್ತಾರೆ. ಅಲ್ಲ ಅಂತ ಅವರೇ ಉತ್ತರವನ್ನೂ ಕೊಡ್ತಾರೆ. ಆ ಕೊನೆಯ ಕ್ಷಣದಲ್ಲಿ ಸ್ಯಾಮ್ ಯಾರ ಅಂಚಿಗೆ ಕೈ ಚಾಚಿದ ಅಂತ ತೀರ್ಪು ಹೇಳುವ ಕುರ್ಚಿ ನಮ್ಮದಲ್ಲ.

ಶಿಕಾಗೋದ ಚಳಿಯಲ್ಲಿ ಸಾವಿರಾರು ಜನ ಅವನನ್ನು ನೋಡಲು ಸಾಲು ನಿಂತರು. ಅಲ್ಲಿ ಒಂದು ಬ್ಯಾಪ್ಟಿಸ್ಟ್ ಸಭೆಯಲ್ಲಿ ಅಂತ್ಯಕ್ರಿಯೆಯ ಆರಾಧನೆ, ನಂತರ ಲಾಸ್ ಏಂಜಲೀಸ್‌ನ ಇನ್ನೊಂದು ಬ್ಯಾಪ್ಟಿಸ್ಟ್ ಸಭೆಯಲ್ಲಿ. ಅಲ್ಲಿ ರೇ ಚಾರ್ಲ್ಸ್ ಎದ್ದು ಗಾಸ್ಪೆಲ್ ಹಾಡಿದರು. ಬದುಕಿದ್ದಾಗ ಕೆಳಗೆ ಇಳಿಸಿದವನನ್ನು ಸತ್ತ ಮೇಲೆ ಸಭೆ ಒಳಗೆ ಕರೆದುಕೊಂಡಿತು. ನಾವು ಅಷ್ಟು ತಡ ಮಾಡಬಾರದು ಅಂತಲೇ ಈ ಮಾತು.

ಉಳಿದುಹೋದ ಧ್ವನಿ

ಸತ್ತು 11 ದಿನಕ್ಕೆ, ಡಿಸೆಂಬರ್ 22ರಂದು, ಆ ಬದಲಾವಣೆಯ ಹಾಡು ಸಿಂಗಲ್ ರೆಕಾರ್ಡ್ ಆಗಿ ಬಂತು, ಅದೂ ತಟ್ಟೆಯ ಹಿಂದಿನ ಮಗ್ಗುಲಲ್ಲಿ. ಮುಂದಿನ ಮಗ್ಗುಲಲ್ಲಿ ಇದ್ದದ್ದು ಒಂದು ಕುಣಿತದ ಹಾಡು. ಆದರೆ ಜನ ತಟ್ಟೆ ತಿರುಗಿಸಿ ಹಾಕಿದರು. ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಜನರ ಹಾಡಾಯ್ತು. ಕಟ್ಟುವವರು ಬೇಡವೆಂದ ಕಲ್ಲು ಮೂಲೆಗಲ್ಲಾದ ಮಾತು ಕ್ರಿಸ್ತನ ಬಗ್ಗೆ, ಅದನ್ನು ಬೇರೆಯವರಿಗೆ ಹಚ್ಚಲ್ಲ. ಆದರೆ ದೇವರು ಹಿಂದಿನ ಮಗ್ಗುಲನ್ನು ಮುಂದಕ್ಕೆ ತರುವವರು ಅನ್ನೋದು ನಿಜ.

1965ರಲ್ಲಿ ಓಟಿಸ್ ರೆಡ್ಡಿಂಗ್ ತಮ್ಮ ಒಂದೇ ಆಲ್ಬಂನಲ್ಲಿ ಸ್ಯಾಮ್‌ನ ಮೂರು ಹಾಡು ಹಾಡಿದರು. ಬೋಧಕನ ಮಗಳು ಅರೀಥಾ ಫ್ರಾಂಕ್ಲಿನ್ ಅವನ ದಾರಿ ಹಿಡಿದು ಹೊರಗೆ ಹೋದವರು. 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಸಭೆಯೊಳಗೆ ನಿಂತು ಅಮೇಜಿಂಗ್ ಗ್ರೇಸ್ ಎಂಬ ಗಾಸ್ಪೆಲ್ ಆಲ್ಬಂ ರೆಕಾರ್ಡ್ ಮಾಡಿದರು. ಸಭೆ ಅವರನ್ನು ಕೆಳಗೆ ಇಳಿಸಲಿಲ್ಲ. ಏಳು ವರ್ಷದ ಹಿಂದೆ ತೀರಿಹೋದವನಿಗೆ ಸಿಗದ ಬಾಗಿಲು ಅವರಿಗೆ ತೆರೆದಿತ್ತು. 1986ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಸಾಲಿನವರಲ್ಲಿ ಸ್ಯಾಮ್ ಕುಕ್ ಒಬ್ಬ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಆ ಹಾಡನ್ನು ಕಾಪಾಡಿ ಇಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. 2009ರ ಜನವರಿಯಲ್ಲಿ ಆ ದೇಶದ ಮೊದಲ ಕಪ್ಪು ಅಧ್ಯಕ್ಷರು ಅಧಿಕಾರ ಸ್ವೀಕರಿಸುವ ಮುನ್ನಾ ದಿನಗಳಲ್ಲಿ ಲಿಂಕನ್ ಸ್ಮಾರಕದ ಮುಂದೆ ಅದೇ ಹಾಡು ಮೊಳಗಿತು. ಹೋಟೆಲ್ ರೂಮು ಸಿಗದವನ ಹಾಡು.

ನನ್ನ ತಪ್ಪು

ಈಗ ಹೇಳ್ತೀನಿ ಅಂದ ಮಾತು. ಕೆಲವು ವರ್ಷಗಳ ಹಿಂದೆ ನಾನು ಯೂತ್ ಲೀಡರ್ ಆಗಿದ್ದಾಗ ನಮ್ಮ ಜೊತೆ ಒಬ್ಬ ಹುಡುಗ ಹಾಡ್ತಿದ್ದ. ಹೆಸರು ಬೇಡ. ಅವನು ಆರಾಧನೆ ನಡೆಸಿದರೆ ನಾನು ಪ್ರಸಂಗಕ್ಕೆ ಎದ್ದು ನಿಲ್ಲೋಕೂ ಆಗ್ತಿರಲಿಲ್ಲ, ಅಷ್ಟು ಪ್ರಸನ್ನತೆ. ಮನೆಯಲ್ಲಿ ಕಷ್ಟ ಇತ್ತು. ಅಪ್ಪನಿಗೆ ಕೆಲಸ ಹೋಗಿತ್ತು. ಅವನು ಶನಿವಾರ ರಾತ್ರಿ ಮದುವೆ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡೋಕೆ ಶುರುಮಾಡಿದ. ಯಾರೋ ವಿಡಿಯೋ ನನಗೆ ವಾಟ್ಸಾಪ್ ಮಾಡಿದರು. ಮುಂದಿನ ಭಾನುವಾರ ಬೆಳಿಗ್ಗೆ, ಸೌಂಡ್ ಚೆಕ್ ಹೊತ್ತಿಗೆ, ಎಲ್ಲರ ಮುಂದೆ ಅವನ ಕೈಯಿಂದ ಮೈಕ್ ತೆಗೆದುಕೊಂಡವನು ನಾನು. ಎರಡು ದೋಣಿಯಲ್ಲಿ ಕಾಲು ಇಡಬೇಡ ಅಂದೆ. ಅವನು ಏನೂ ಎದುರು ಮಾತಾಡಲಿಲ್ಲ. ಚಪ್ಪಲಿ ಹಾಕ್ಕೊಂಡು ಹೋದ. ಮನೆಯಲ್ಲಿ ಅಕ್ಕಿ ಇದೆಯಾ ಅಂತ ನಾನು ಕೇಳಲಿಲ್ಲ. ಆಮೇಲೆ ಫೋನ್ ಕೂಡ ಮಾಡಲಿಲ್ಲ. ಹಿಂಜಾರಿ ಹೋದ ಅಂತ ಪ್ರಾರ್ಥನಾ ಪಟ್ಟಿಯಲ್ಲಿ ಅವನ ಹೆಸರು ಬರೆದೆ, ಕರ್ತವ್ಯ ಮುಗೀತು ಅಂದುಕೊಂಡೆ.

ಹೋದ ತಿಂಗಳು ಮೆಟ್ರೋ ನಿಲ್ದಾಣದಲ್ಲಿ ಸಿಕ್ಕ. ನಾನು ನೋಡದ ಹಾಗೆ ಹೋಗಬೇಕು ಅಂದುಕೊಳ್ಳುವಷ್ಟರಲ್ಲಿ ಅವನೇ ಬಂದು ಅಣ್ಣಾ ಚೆನ್ನಾಗಿದ್ದೀರಾ ಅಂತ ಕೇಳಿದ. ಹಳೆಯ ಹಾಗೇ, ಅಣ್ಣಾ ಅಂತ. ಅವತ್ತು ರಾತ್ರಿಯೇ ನಾನು ಸ್ಯಾಮ್ ಕುಕ್ ಬಗ್ಗೆ ಓದೋಕೆ ಕೂತದ್ದು. ವೇದಿಕೆಯಿಂದ ಇಳಿದುಹೋದ ಭಾಗಕ್ಕೆ ಬಂದಾಗ, ಆ ಗುಂಪಲ್ಲಿ ಕೂಗಿದವನ ಮುಖ ನನಗೆ ಕಾಣಿಸಿತು. ಅದು ನನ್ನದೇ ಮುಖ.

ಎಲ್ಲ ಹಾಡೂ ಸರಿ, ಯಾವ ವೇದಿಕೆಯಾದರೂ ಸರಿ ಅಂತ ನಾನು ಹೇಳ್ತಿಲ್ಲ. ಆರಾಧನೆ ನಡೆಸುವವರಿಗೆ ಶಿಸ್ತು ಬೇಕು, ಈಗಲೂ ಅದನ್ನೇ ನಂಬ್ತೀನಿ. ಆದರೆ ಮೈಕ್ ತೆಗೆದುಕೊಳ್ಳುವುದು ಬೇರೆ, ಮನುಷ್ಯನನ್ನೇ ಕೈಬಿಡೋದು ಬೇರೆ. ಸ್ಯಾಮ್‌ನ ಅಪ್ಪ ಮಗನನ್ನು ಆಶೀರ್ವದಿಸಿ ಕಳಿಸಿದರು, ಮನೆಯ ಬಾಗಿಲು ಮುಚ್ಚಲಿಲ್ಲ. ಲೂಕ 15ರ ತಂದೆ ದೂರದಲ್ಲೇ ಮಗನನ್ನು ಕಂಡು ಓಡಿಹೋದ. ಹೊಲದಿಂದ ಬಂದ ಹಿರಿಯ ಮಗನಿಗೆ ಮೊದಲು ಕೇಳಿಸಿದ್ದೇನು ಗೊತ್ತಾ? ಸಂಗೀತ. ಮನೆಯೊಳಗಿನ ವಾದ್ಯದ, ಕುಣಿತದ ಸದ್ದು. ಅದನ್ನು ಕೇಳಿ ಅವನಿಗೆ ಸಿಟ್ಟು ಬಂತು, ಒಳಗೆ ಹೋಗಲಿಲ್ಲ. ತಮ್ಮನಿಗಾಗಿ ಹಾಡೋ ಮನೆಯ ಹೊರಗೆ ನಿಂತವನು ತಪ್ಪು ಮಾಡದ ಅಣ್ಣ. ನಾನು ಎಷ್ಟೋ ವರ್ಷ ಅಲ್ಲೇ ನಿಂತಿದ್ದೆ.

ಮಂಗಳವಾರ ಅವನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಅವನ ಅಮ್ಮ ಕಾಫಿ ಕೊಟ್ಟರು, ಅವರ ಮುಖ ನೋಡೋಕೆ ನನಗೆ ಆಗಲಿಲ್ಲ. ಸಭೆಗೆ ಬಾ ಅಂತ ಒತ್ತಾಯ ಮಾಡಲಿಲ್ಲ. ನೋಡ್ತೀನಿ ಅಣ್ಣಾ ಅಂದಿದ್ದಾನೆ. ಅಷ್ಟೇ. ಬರಬಹುದು, ಬರದೇ ಇರಬಹುದು. ಬಂದರೆ ನಿಮಗೆ ಒಂದೇ ಬೇಡಿಕೆ: ಇಷ್ಟು ದಿನ ಎಲ್ಲಿದ್ದೆ ಅಂತ ಯಾರೂ ಕೇಳಬೇಡಿ. ಪಕ್ಕದಲ್ಲಿ ಸ್ವಲ್ಪ ಸರಿದು ಕೂತ್ಕೊಳ್ಳಿ, ಜಾಗ ಕೊಡಿ. ನಿಮ್ಮ ಫೋನಿನಲ್ಲೂ ಹೀಗೆ ಕರೆ ಮಾಡದೆ ಬಿಟ್ಟ ಒಂದು ಹೆಸರು ಇರುತ್ತೆ. ಇವತ್ತು ಸಂಜೆಯೊಳಗೆ ಕರೆ ಮಾಡಿ. ಪ್ರಸಂಗ ಮಾಡಬೇಡಿ, ಊಟ ಆಯ್ತಾ ಅಂತ ಕೇಳಿ.

ಇನ್ನು ನಿಮ್ಮಲ್ಲೇ ಯಾರಾದರೂ, ನಾನು ತುಂಬಾ ದೂರ ಹೋಗಿಬಿಟ್ಟೆ, ನನ್ನ ಬಗ್ಗೆ ಎಲ್ಲರಿಗೂ ಗೊತ್ತು, ಮುಂದೆ ಬರೋಕೆ ಮುಖ ಇಲ್ಲ ಅಂತ ಹಿಂದಿನ ಸಾಲಲ್ಲಿ ಕೂತಿದ್ದರೆ, ಆ ಹೆಂಗಸಿನ ಕಡೆ ನೋಡಿ. ಅವಳು ಮುಂದೆ ಬರಲಿಲ್ಲ. ಹಿಂದಿನಿಂದ ಬಂದಳು. ಅಂಚು ಮಾತ್ರ ಮುಟ್ಟಿದಳು. ಕರ್ತನು ನಿಂತರು, ತಿರುಗಿದರು, ಅವಳನ್ನು ಮಗಳೇ ಅಂತ ಕರೆದರು. ಅಷ್ಟು ಸಾಕು.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಕರ್ತನೇ, ನೀವು ಕೊಟ್ಟ ಧ್ವನಿಗಳಿಗಾಗಿ ಸ್ತೋತ್ರ. ಅವುಗಳನ್ನು ಪರಿಶುದ್ಧವಾಗಿ ಕಾಪಾಡಲು ನಮಗೆ ಕೃಪೆ ಕೊಡಿ. ನಿಮ್ಮ ಹತ್ತಿರ ಬರುವವರಿಗೆ ನಾವು ಅಡ್ಡ ನಿಂತಿದ್ದರೆ ನಮ್ಮನ್ನು ಕ್ಷಮಿಸಿ. ನಾವು ಇಳಿಸಿದವರನ್ನು ನಾವೇ ಹೋಗಿ ಕೈಹಿಡಿದು ಕರೆತರಲು ಮನಸ್ಸು ಕೊಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್. ಕರ್ತನು ನಿಮ್ಮನ್ನು ಆಶೀರ್ವದಿಸಲಿ.